ನಾಣ್ಯ ನೆಟ್ಟಗೆ ನಿಂತಾಗ ಮನಸ್ಸು ಓದುವ ಶಕ್ತಿ ಬರುವ ಹಳೆಯ ಟಿವಿ ಕಂತು ಯಾವುದು?

ನೀವು ಕೇಳುತ್ತಿರುವುದು ಅಮೆರಿಕದ 'ದಿ ಟ್ವಿಲೈಟ್ ಝೋನ್' ಸರಣಿಯ 'ಎ ಪೆನ್ನಿ ಫಾರ್ ಯುವರ್ ಥಾಟ್ಸ್'. ಪ್ರಸಾರವಾದದ್ದು 1961ರ ಫೆಬ್ರವರಿಯಲ್ಲಿ.

ಹೆಕ್ಟರ್ ಪೂಲ್ ಒಬ್ಬ ಸಾಧು ಬ್ಯಾಂಕ್ ಗುಮಾಸ್ತ. ಬೆಳಿಗ್ಗೆ ಪೇಪರ್ ಕೊಂಡು ಅವನು ಎಸೆದ ನಾಣ್ಯ ಬೀಳದೆ ಅಂಚಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಎಲ್ಲರ ಯೋಚನೆಗಳೂ ಅವನಿಗೆ ಕೇಳಿಸತೊಡಗುತ್ತವೆ. ಸಂಜೆ ಇನ್ನೊಂದು ನಾಣ್ಯ ಎಸೆದಾಗ ನಿಂತಿದ್ದ ಆ ನಾಣ್ಯ ಉರುಳುತ್ತದೆ, ಶಕ್ತಿಯೂ ಹೋಗುತ್ತದೆ.

ನನಗೆ ತುಂಬಾ ಇಷ್ಟವಾದದ್ದು ನಡುವಿನ ಭಾಗ. ಹಿರಿಯ ಸಹೋದ್ಯೋಗಿ ಸ್ಮಿದರ್ಸ್ ಬ್ಯಾಂಕ್ ದುಡ್ಡು ದೋಚುವ ಯೋಚನೆಯಲ್ಲಿರುವುದು ಪೂಲ್‌ಗೆ ಕೇಳಿಸುತ್ತದೆ. ಓಡಿಹೋಗಿ ಮೇಲಧಿಕಾರಿಗೆ ಹೇಳುತ್ತಾನೆ. ಹುಡುಕಿದರೆ ಏನೂ ಸಿಗುವುದಿಲ್ಲ! ಪಾಪ, ಅದು ಆ ಮುದುಕ ವರ್ಷಗಟ್ಟಲೆ ಸುಮ್ನೆ ಕಾಣುತ್ತಿದ್ದ ಹಗಲುಗನಸು. ಮಾಡುವ ಧೈರ್ಯ ಅವನಿಗೆ ಯಾವತ್ತೂ ಇರಲಿಲ್ಲ. ಮನಸ್ಸಿಗೆ ಬಂದದ್ದನ್ನೆಲ್ಲ ಯಾರೂ ಮಾಡುವುದಿಲ್ಲ ಅಲ್ವಾ? ಮನಸ್ಸು ಓದುವ ಎಷ್ಟೋ ಕಥೆಗಳು ಈ ವಿಷಯವನ್ನು ಮರೆತುಬಿಡುತ್ತವೆ. ಇದು ಮರೆಯುವುದಿಲ್ಲ, ಅದಕ್ಕೇ ಇವತ್ತಿಗೂ ಹಳತು ಅನಿಸುವುದಿಲ್ಲ.

ಬರೆದವರು ಜಾರ್ಜ್ ಕ್ಲೇಟನ್ ಜಾನ್ಸನ್. ಪೂಲ್ ಆಗಿ ನಟಿಸಿದ್ದು ಡಿಕ್ ಯಾರ್ಕ್. ಮುಂದೆ 'ಬಿವಿಚ್ಡ್' ಸರಣಿಯಿಂದ ಅವರು ಇನ್ನೂ ಜಾಸ್ತಿ ಹೆಸರಾದರು.