ಉತ್ತರ ಕರ್ನಾಟಕದ ಕಾಮಿಡಿ ವಿಡಿಯೊ ಮಾಡುವವರಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಬರೀ ಯೂಟ್ಯೂಬಿನಿಂದ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ.

ಬಾಗಲಕೋಟೆ, ವಿಜಯಪುರದ ಕಡೆ ನಗಿಸುವ ಕಸುಬು ಬಹುಕಾಲ ನಿಂತದ್ದು ನಾಟಕ ಕಂಪನಿಯ ಟಿಕೆಟ್ಟಿನ ಮೇಲೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಈಗಲೂ ಕಂಪನಿಗಳು ಥೇಟರ್ ಹಾಕಿ ದಿನಕ್ಕೆ ಹಲವು ಆಟ ಆಡುತ್ತವೆ. ಜನ ಬರುವುದೇ ಹೆಚ್ಚಾಗಿ ಹಾಸ್ಯದ ಪಾತ್ರಕ್ಕೆ. ಆದರೆ ಗಲ್ಲಾ ಮಾಲೀಕರದು, ನಟನಿಗೆ ಪಗಾರ ಮಾತ್ರ.

ವಿಡಿಯೊದಲ್ಲಿ ನಟನೇ ಮಾಲೀಕ. 1000 ಚಂದಾದಾರರು, 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಆದರೆ ಜಾಹೀರಾತಿನ ಪಾಲು ಶುರು. ದೊಡ್ಡ ವಿಡಿಯೊಗೆ 55%. ಶಾರ್ಟ್ಸ್‌ಗೆ 2023ರಿಂದ 45%, ಅದೂ ಹಾಡಿನ ಹಕ್ಕಿನ ಹಣ ಕಳೆದ ಮೇಲೆ. ಇಷ್ಟರಲ್ಲಿ ಐದಾರು ಜನರ ತಂಡ ಸಾಕುವುದು ಕಷ್ಟ. ಹಾಗಾಗಿ ಬಟ್ಟೆ ಅಂಗಡಿ, ಬಂಗಾರದ ಅಂಗಡಿಗಳ ಪ್ರಚಾರ ಒಪ್ಪಿಕೊಳ್ಳುತ್ತಾರೆ. ಜಾತ್ರೆ, ಗಣೇಶೋತ್ಸವದ ವೇದಿಕೆ ಹತ್ತುತ್ತಾರೆ. ವಿಡಿಯೊ ಹೆಸರು ತಂದುಕೊಡುತ್ತದೆ, ವೇದಿಕೆ ರೊಕ್ಕ ಕೊಡುತ್ತದೆ.

ನನಗೆ ಕಳವಳ ಇರುವುದು ಹಳೆಯ ಕಂಪನಿ ನಟರ ಬಗ್ಗೆ. ಎದುರಿಗೆ ಕೂತ ಜನರನ್ನು ನೋಡಿ ಅಲ್ಲೇ ಮಾತು ಬೆಳೆಸುವ ಕಲೆ ಅವರಲ್ಲಿದೆ. ವಿಡಿಯೊ ತಂಡಗಳು ಅಂಥವರನ್ನು ಕರೆದು, ಗಳಿಕೆಯಲ್ಲಿ ಪಾಲು ಕೊಟ್ಟು ಜೊತೆಗಿಟ್ಟುಕೊಳ್ಳಬೇಕು.