ನೀಲಿ ಉಗುರಿನ ಹುಡುಗ ಎಲ್ಲಿ ಕೂರಬೇಕು?

ಬಳ್ಳಾರಿ ಕೌಲ್ ಬಜಾರಿನ ಓದುಗರೊಬ್ಬರ ಪತ್ರ: "ನಮ್ಮ ಚರ್ಚಿನ ಸಭೆಗೆ ಎರಡು ಭಾನುವಾರ ಒಬ್ಬ ಹುಡುಗ ಬಂದಿದ್ದ. ಕೈತುಂಬ ನೀಲಿ ಬಣ್ಣ, ಪ್ಯಾಂಟಿನ ಮೇಲೆ ಕಲೆ. ಹಿಂದಿನ ಬೆಂಚಿಗೆ ಹೋಗು ಎಂದೆ. ಆಮೇಲೆ ಅವನು ಬರಲಿಲ್ಲ. ಕೈ ತೊಳೆದುಕೊಂಡು ಬಾ ಅನ್ನುವುದು ತಪ್ಪೆ?"

ಸಂಪಾದಕರ ಉತ್ತರ:

ಸಹೋದರರೇ, ದೇವರ ಮನೆಗೆ ಶುಚಿಯಾಗಿ ಬರಬೇಕೆಂಬ ನಿಮ್ಮ ಮಾತು ಸರಿ. ನಮ್ಮವ್ವನೂ ಭಾನುವಾರಕ್ಕೆಂದೇ ಒಂದು ಸೀರೆ ತೆಗೆದಿಡುತ್ತಿದ್ದಳು.

ಆದರೆ ನಮ್ಮೂರಲ್ಲಿ ಕೈ ನೀಲಿಯಾಗುವುದು ಯಾರಿಗೆ? ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ದುಡಿಯುವವರಿಗೆ. ಜೀನ್ಸಿನ ನೀಲಿಯಾದ ಇಂಡಿಗೊ ನೀರಿಗೆ ಕರಗುವ ಬಣ್ಣವಲ್ಲ. ಸೋಪು ಹಚ್ಚಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯಲ್ಲಿ, ಅಂಗೈ ಗೆರೆಯಲ್ಲಿ ಕೂತೇ ಇರುತ್ತದೆ. ಆ ಹುಡುಗ ತೊಳೆದುಕೊಂಡೇ ಬಂದಿರುತ್ತಾನೆ, ಸ್ವಾಮಿ.

ನಮ್ಮಪ್ಪ ಸಂಡೂರಿನ ಕಡೆ ಗಣಿಯಲ್ಲಿ ಅದಿರು ತುಂಬುತ್ತಿದ್ದರು. ಬಿಳಿ ಅಂಗಿಯನ್ನು ಎಷ್ಟು ಒಗೆದರೂ ಕಾಲರಿನ ಮಡಿಕೆಯಲ್ಲಿ ಕೆಂಪು ಗೆರೆ ಉಳಿಯುತ್ತಿತ್ತು. ಒಂದು ಕ್ರಿಸ್ಮಸ್ ಬೆಳಿಗ್ಗೆ ಸಭೆಯ ಹಿರಿಯರೊಬ್ಬರು, "ಹಿಂದ ಕುಂದ್ರಪ್ಪ, ಸಾಹೇಬ್ರು ಬರ್ತಾರ" ಎಂದು ಎಬ್ಬಿಸಿದರು. ಅಪ್ಪ ಹಿಂದೆ ಕೂರಲಿಲ್ಲ, ಹೊರಗೆ ನಡೆದರು. ಅಂದಿನಿಂದ ಕೊನೆಯವರೆಗೂ ಕಿಟಕಿಯಾಚೆ ನಿಂತೇ ಪಾದ್ರಿಗಳ ಪ್ರಸಂಗ ಕೇಳಿದರು. ನಾನು ಅವ್ವನ ಪಕ್ಕ ಕೂತು, ಕಿಟಕಿಯ ಸರಳು ಹಿಡಿದ ಅವರ ಬೆರಳುಗಳನ್ನೇ ನೋಡುತ್ತಿದ್ದೆ.

ದೊಡ್ಡವನಾಗಿ ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯ ಓದಿದ ದಿನ ನನಗೆ ಅಳು ತಡೆಯಲಾಗಲಿಲ್ಲ. ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಕೊಳೆ ಬಟ್ಟೆಯ ಬಡವನಿಗೆ "ಅಲ್ಲಿ ನಿಂತುಕೋ". ಅಪ್ಪ ಕೇಳಿದ್ದೂ ಇದೇ ಮಾತು. ಅರಸನನ್ನು ಆರಿಸಲು ಹೋದ ಸಮುವೇಲನಂಥ ಪ್ರವಾದಿಯೇ ಹಿರಿಯ ಮಗ ಎಲೀಯಾಬನ ಎತ್ತರ ಕಂಡು ಮೋಸಹೋದ. ದೇವರು ಆರಿಸಿದ ಕಿರಿಯ ಮಗ ದಾವೀದನನ್ನಂತೂ ಮನೆಯವರು ಕರೆಸಿಯೇ ಇರಲಿಲ್ಲ, ಅವನು ಕುರಿ ಕಾಯುತ್ತಿದ್ದ. ಕುರಿ ಕಾಯುವವನ ಕಂಬಳಿ ಹೇಗಿರುತ್ತದೆಂದು ನಮ್ಮ ಸೀಮೆಯವರಿಗೆ ಹೇಳಬೇಕೆ?

ಬೇರೆ ಊರಿನವರು ಇದನ್ನು ಮರೆತರೆ ಮರೆಯಲಿ, ಬಳ್ಳಾರಿಯವರು ಮರೆಯಬಾರದು. 1810ರಲ್ಲಿ ಇಲ್ಲಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತದ್ದು ಇದೇ ಊರಲ್ಲಿ. ಆ ವಾಕ್ಯಗಳು ಕನ್ನಡವಾದ ಊರಲ್ಲೇ ಕೂಲಿಯವನಿಗೆ ಹಿಂದಿನ ಬೆಂಚು!

ಬೆಂಚೊಂದೇ ಅಲ್ಲ. ನಮ್ಮ ಪತ್ರಿಕೆಗೆ ಬರುವ ವಧು-ವರರ ಜಾಹೀರಾತುಗಳನ್ನು ನೋಡಿ: "ವಿಶ್ವಾಸಿ ಕುಟುಂಬ, ಬೆಳ್ಳಗಿರುವ ಕನ್ಯೆ ಬೇಕು." ವಿಶ್ವಾಸಕ್ಕೂ ಬಿಳುಪಿಗೂ ಏನು ನಂಟು? ನಮ್ಮ ಕಪ್ಪು ಹೆಣ್ಣುಮಕ್ಕಳು ಭಾನುವಾರ ಗಾಯನವೃಂದದಲ್ಲಿ ಹಾಡುವಾಗ ತಲೆದೂಗುತ್ತೇವೆ, ಸೋಮವಾರ ಬೇಡವೆನ್ನುತ್ತೇವೆ. ಇಷ್ಟು ವರ್ಷ ಇಂಥವನ್ನು ಅಚ್ಚು ಹಾಕಿದ್ದು ನನ್ನದೇ ತಪ್ಪು. ಮುಂದಿನ ಸಂಚಿಕೆಯಿಂದ ಮೈಬಣ್ಣ ಬರೆದ ಒಂದು ಜಾಹೀರಾತನ್ನೂ ಹಾಕುವುದಿಲ್ಲ.

ನೀವು ಒಳ್ಳೆಯವರು. ಅವನು ಬಾರದಿದ್ದುದು ಮನಸ್ಸಿಗೆ ಚುಚ್ಚಿದ್ದಕ್ಕೇ ಅಲ್ಲವೆ ಪತ್ರ ಬರೆದದ್ದು? ಭಾನುವಾರಕ್ಕೆ ಕಾಯಬೇಡಿ. ಅವನ ಮನೆ ಹುಡುಕಿಕೊಂಡು ಹೋಗಿ, ಕರೆತಂದು ನಿಮ್ಮ ಪಕ್ಕದಲ್ಲೇ ಕೂರಿಸಿಕೊಳ್ಳಿ. ಮನೆ ಗೊತ್ತಿಲ್ಲದಿದ್ದರೆ ಕಚೇರಿಗೆ ಬನ್ನಿ, ಇಬ್ಬರೂ ಕೂಡಿ ಹುಡುಕೋಣ.