ರಾಡ್ ಅಂಟಿಕೊಳ್ಳುತ್ತದೆ, ಪೈಪ್ ತೂತಾಗುತ್ತದೆ: ಎಷ್ಟು ಆಂಪಿಯರ್ ಇಡಬೇಕು?

ನೀವು 200 ಆಂಪಿಯರಿನ ಇನ್ವರ್ಟರ್ ವೆಲ್ಡಿಂಗ್ ಮಷೀನ್ ಕೊಂಡು, ಹಿತ್ತಲಿಗೆ 16 ಗೇಜ್ ಸ್ಕ್ವೇರ್ ಪೈಪಿನ ಗೇಟ್ ಮಾಡಲು ಹೊರಟಿದ್ದೀರಿ. ಕರೆಂಟ್ ಕಡಿಮೆ ಇಟ್ಟರೆ ರಾಡ್ ಅಂಟಿಕೊಳ್ಳುತ್ತದೆ, ಹೆಚ್ಚಿಸಿದರೆ ಪೈಪಿಗೆ ತೂತು ಬೀಳುತ್ತದೆ, ಹಾಗಾದರೆ ಸರಿಯಾದ ಆಂಪಿಯರ್ ಯಾವುದು ಎಂದು ಕೇಳಿದ್ದೀರಿ. ಗ್ರಿಲ್ ಮತ್ತು ಗೇಟ್ ಮಾಡುವ ಅಂಗಡಿಯಲ್ಲಿ ಬಹಳ ವರ್ಷ ಕೆಲಸ ಮಾಡಿದವನಾಗಿ ಹೇಳುವುದಾದರೆ, ನಿಮ್ಮ ಎರಡೂ ತೊಂದರೆಗಳಿಗೆ ಮಷೀನಿಗಿಂತ ಹೆಚ್ಚಾಗಿ ಕೈಯೇ ಕಾರಣ. ರಾಡಿನ ತುದಿಗೂ ಕಬ್ಬಿಣಕ್ಕೂ ನಡುವಿನ ಅಂತರ ನಿಮ್ಮ ಹಿಡಿತಕ್ಕೆ ಇನ್ನೂ ಬಂದಿಲ್ಲ.

ಆದ್ದರಿಂದ ಕೆಲವು ದಿನ ಪೈಪನ್ನು ಬದಿಗಿಟ್ಟು, 5 ಅಥವಾ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯ ಮೇಲೆ ಅಭ್ಯಾಸ ಮಾಡಿ. ತುಕ್ಕು ಮತ್ತು ಬಣ್ಣವನ್ನು ಉಜ್ಜಿ ತೆಗೆದು, ಅರ್ಥ್ ಕ್ಲ್ಯಾಂಪನ್ನು ಹೊಳೆಯುವ ಲೋಹಕ್ಕೇ ಕಚ್ಚಿಸಿ, 2.5 ಮಿಲಿಮೀಟರಿನ 6013 ನಂಬರಿನ (ಸಾಮಾನ್ಯ ಕಬ್ಬಿಣಕ್ಕೆ ಬಳಸುವ) ರಾಡಿಗೆ 75ರಿಂದ 80 ಆಂಪಿಯರ್ ಇಟ್ಟುಕೊಳ್ಳಿ. ಬೆಂಕಿಕಡ್ಡಿ ಗೀರಿದಂತೆ ತುದಿಯನ್ನು ಗೀರಿ, ಕಿಡಿ ಹೊತ್ತಿದ ಕೂಡಲೇ ರಾಡಿನ ದಪ್ಪದಷ್ಟೇ, ಅಂದರೆ ಸುಮಾರು ಎರಡೂವರೆ ಮಿಲಿಮೀಟರ್, ಅಂತರ ಉಳಿಸಿಕೊಳ್ಳಬೇಕು. ಹೊಸಬರು ಬೆಳಕಿಗೆ ಬೆದರಿ ಕೈಯನ್ನು ಮೇಲಕ್ಕೆತ್ತುತ್ತಾರೆ. ಆಗ ಕಿಡಿ ಸಿಡಿಯುತ್ತದೆ, ವೆಲ್ಡ್ ಹರಡಿ ತೆಳುವಾಗುತ್ತದೆ. ಗಾಬರಿಯಿಂದ ಮತ್ತೆ ಕೆಳಗಿಳಿಸಿದರೆ ರಾಡ್ ಅಂಟಿಕೊಳ್ಳುತ್ತದೆ. ರಾಡ್ ಉರಿಯುತ್ತಾ ಗಿಡ್ಡವಾಗುವುದರಿಂದ ಕೈ ಮುಂದಕ್ಕೆ ಸಾಗುವಾಗಲೇ ನಿಧಾನವಾಗಿ ಕೆಳಕ್ಕೂ ಇಳಿಯುತ್ತಿರಬೇಕು. ಈ ಎರಡು ಚಲನೆಗಳನ್ನು ಒಟ್ಟಿಗೆ ಮಾಡುವುದೇ ಕಲಿಕೆಯ ಮುಕ್ಕಾಲು ಪಾಲು. ಅಂತರ ಸರಿಯಿದ್ದರೆ ಕಾದ ಎಣ್ಣೆಗೆ ಬಜ್ಜಿ ಬಿಟ್ಟಾಗಿನಂಥ ಸದ್ದು ಒಂದೇ ಸಮನೆ ಕೇಳುತ್ತದೆ. ರಾಡ್ ಅಂಟಿಕೊಂಡರೆ ಮಣಿಕಟ್ಟನ್ನು ತಿರುಚಿ ಕಿತ್ತುಕೊಳ್ಳಿ, ಬಾರದಿದ್ದರೆ ಹೋಲ್ಡರ್ ಒತ್ತಿ ಬಿಟ್ಟುಬಿಡಿ. ಅದು ಬಿಡುವವರೆಗೆ ಮುಖದ ಶೀಲ್ಡ್ ಮಾತ್ರ ತೆಗೆಯಬೇಡಿ.

ಕಣ್ಣು ಎಲ್ಲಿರಬೇಕು ಎಂಬುದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಉರಿಯುವ ಬಿಂದುವನ್ನು ನೋಡಬೇಡಿ, ಅದರ ಹಿಂದೆ ಕರಗಿ ನಿಂತಿರುವ ಸಣ್ಣ ಮಡುವನ್ನು ನೋಡಿ. ಅದರ ಮೇಲೆ ಚಂಚಲವಾಗಿ ಹರಿದಾಡುವುದು ಸ್ಲ್ಯಾಗ್, ಅಂದರೆ ರಾಡಿನ ಲೇಪನ ಕರಗಿ ಆಗುವ ಕಿಟ್ಟ; ಕೆಳಗೆ ಗುಂಡಗೆ ಅಂಚು ಕಟ್ಟಿ ನಿಂತಿರುವುದು ಲೋಹ. ರಾಡಿನ ಮೇಲ್ಭಾಗವನ್ನು ಸಾಗುವ ದಿಕ್ಕಿಗೆ ಹತ್ತು ಹದಿನೈದು ಡಿಗ್ರಿ ವಾಲಿಸಿದರೆ ಸ್ಲ್ಯಾಗ್ ಹಿಂದೆಯೇ ಉಳಿಯುತ್ತದೆ. ಅದು ಕಿಡಿಗಿಂತ ಮುಂದೆ ನುಗ್ಗಿದರೆ ವೆಲ್ಡಿನ ಒಳಗೆ ಸಿಕ್ಕಿಕೊಂಡು ಜೋಡಣೆಯನ್ನು ಟೊಳ್ಳು ಮಾಡುತ್ತದೆ.

ಇನ್ನು ನಿಮ್ಮ ಪೈಪಿನ ವಿಷಯ. 16 ಗೇಜ್ ಎಂದರೆ ಸುಮಾರು 1.6 ಮಿಲಿಮೀಟರ್ ದಪ್ಪ, ಅದು ಬಹಳ ಬೇಗ ಕಾಯುತ್ತದೆ. 2 ಮಿಲಿಮೀಟರಿನ ರಾಡ್ ಸಿಕ್ಕರೆ 50 ಆಂಪಿಯರಿನ ಆಸುಪಾಸಿನಲ್ಲಿ, 2.5ರ ರಾಡಾದರೆ 60ರ ಆಸುಪಾಸಿನಲ್ಲಿ ಆರಂಭಿಸಿ, ಹೋಲ್ಡರನ್ನು ಮಷೀನಿನ ಮೈನಸ್ ಕಡೆಗೆ ಸಿಕ್ಕಿಸಿ. ಒಂದೇ ಸಮನೆ ಎಳೆಯದೆ, ಬೆರಳಗಲದಷ್ಟು ವೆಲ್ಡ್ ಮಾಡಿ, ಕೆಂಪು ಆರಲು ಬಿಟ್ಟು, ಮತ್ತೆ ಮುಂದುವರಿಸಿ. ಪೈಪುಗಳ ನಡುವೆ ಸಂದಿಯಿದ್ದರೆ ಯಾವ ಆಂಪಿಯರಿನಲ್ಲೂ ತೂತು ಬೀಳುವುದು ಖಚಿತ, ಹಾಗಾಗಿ ಕತ್ತರಿಸುವಾಗಲೇ ಮೂಲೆಮಟ್ಟ ಹಿಡಿದು ನೋಡಿಕೊಳ್ಳಿ. ಉದ್ದನೆಯ ತೆಳು ಎಕ್ಸ್‌ಟೆನ್ಷನ್ ವೈರಿನಲ್ಲಿ ವೋಲ್ಟೇಜ್ ಕುಸಿದು ರಾಡ್ ಅಂಟುವುದೂ ಉಂಟು.

ನನ್ನ ಮೊದಲ ಗೇಟಿನಲ್ಲಿ ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿದ್ದೆ. ಕರಗಿದ ಲೋಹ ಆರುವಾಗ ಕುಗ್ಗಿ ಚೌಕಟ್ಟನ್ನು ತನ್ನ ಕಡೆಗೆ ಎಳೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಕೊನೆಗೆ ಚಿಲಕ ತೂತಿಗೆ ಸೇರಲೇ ಇಲ್ಲ. ನಾಲ್ಕೂ ಮೂಲೆಗೆ ಮೊದಲು ಸಣ್ಣ ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆ ವೆಲ್ಡ್) ಹಾಕಿ, ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆದು ಸಮವಾಗಿವೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ಎದುರುಬದುರು ಮೂಲೆಗಳನ್ನು ಸರದಿಯಂತೆ ತುಂಬಿ.

ಶೀಲ್ಡಿಗೆ 10 ಅಥವಾ 11ನೇ ನಂಬರಿನ ಕಪ್ಪು ಗಾಜು ಇರಲಿ. ಕೂಲಿಂಗ್ ಗ್ಲಾಸ್ ಹಾಕಿಕೊಂಡು ಟ್ಯಾಕ್ ಹಾಕುವವರನ್ನು ನಾನು ನೋಡಿದ್ದೇನೆ. ಆ ಕ್ಷಣಕ್ಕೆ ಏನೂ ಆಗುವುದಿಲ್ಲ, ಆದರೆ ನಡುರಾತ್ರಿ ಕಣ್ಣಿಗೆ ಮರಳು ತುಂಬಿದಂತೆ ಉರಿದು ನಿದ್ದೆಗೆಡಿಸುತ್ತದೆ. ಹತ್ತಿಯ ಬಟ್ಟೆ ಮತ್ತು ಚರ್ಮದ ಗ್ಲೌಸ್ ಧರಿಸಿ. ಜಿ.ಐ. ಪೈಪಾದರೆ ಮೇಲಿನ ಸತುವಿನ ಲೇಪನವನ್ನು ಉಜ್ಜಿ ತೆಗೆದು, ಗಾಳಿಯಾಡುವ ಜಾಗದಲ್ಲಿಯೇ ಕೆಲಸ ಮಾಡಿ, ಏಕೆಂದರೆ ಆ ಬಿಳಿ ಹೊಗೆ ಕುಡಿದವರಿಗೆ ಸಂಜೆಯ ಹೊತ್ತಿಗೆ ಚಳಿಜ್ವರ ಬರುತ್ತದೆ.

ಗೇಟಿಗೆ ಕೈ ಹಾಕುವ ಮೊದಲು ಒಂದು ಪಟ್ಟಿ ತುಂಡನ್ನು ಮಲಗಿಸಿ, ಅದರ ಮೇಲೆ ಇನ್ನೊಂದನ್ನು ನೆಟ್ಟಗೆ ನಿಲ್ಲಿಸಿ, ಒಂದೇ ಬದಿಗೆ ವೆಲ್ಡ್ ಮಾಡಿ, ಆರಿದ ಮೇಲೆ ವೆಲ್ಡ್ ಇಲ್ಲದ ಬದಿಯಿಂದ ಸುತ್ತಿಗೆಯಲ್ಲಿ ಹೊಡೆದು ಮಡಚಿ ಮುರಿಯಿರಿ. ಮುರಿದ ಜಾಗದಲ್ಲಿ ಕಪ್ಪು ಗೆರೆಗಳೋ ಸಣ್ಣ ರಂಧ್ರಗಳೋ ಕಂಡರೆ ಇನ್ನೊಂದು ಪ್ಯಾಕೆಟ್ ರಾಡನ್ನು ಪಟ್ಟಿಯ ಮೇಲೆಯೇ ಖರ್ಚು ಮಾಡಿ.